ಬಾಣಂತಿ ನೀರಿನ ಒಲೆ

ನನ್ನ ಹೆಂಡತಿ ನೀರಜಾಕ್ಷಿಯ ತಲೆಗೆ ಒಂದು ಸಂಗತಿ ಹೊಕ್ಕರೆ ಅದನ್ನು ಹೊರಗೆಳೆಯಲು ಬ್ರಹ್ಮನಿಂದಲೂ ಆಗದು. ಮಗಳು ಶರ್ಮಿಳಾಗೆ ಏಳು ತಿಂಗಳು ತುಂಬುವ ಹೊತ್ತಿಗೆ ಹೊಕ್ಕದ್ದು ಇದು: ಬಾಣಂತಿಯನ್ನು ಮೀಯಿಸುವ ನೀರು ಕಟ್ಟಿಗೆಯ ಬೆಂಕಿಯಲ್ಲೇ ಕಾಯಬೇಕು.

"ಗೀಸರ್ ಉಂಟಲ್ಲ ಮಾರಾಯ್ತಿ," ಎಂದೆ.

"ಗೀಸರಿನ ನೀರು ಬಿಸಿ ಆಗ್ತದೆ, ಕಾಯುದಿಲ್ಲ."

"ಎರಡೂ ಒಂದೇ ಅಲ್ವಾ?"

"ನೀವು ಹೆತ್ತಿದ್ದೀರಾ?"

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಗಂಡಸು ಇನ್ನೂ ಹುಟ್ಟಿಲ್ಲ. ನಾನು ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತೆ. ಅವಳು ಪೇಪರಿನ ಆಚೆಯಿಂದ ಮಾತು ಮುಂದುವರಿಸಿದಳು.

ನಮ್ಮ ಕಡೆ ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಕ್ರಮ. ಶರ್ಮಿಳಾಳ ತವರು ಇದ್ದದ್ದೇ ಬಹರೈನಿನಲ್ಲಿ, ಸನದ್‌ನ ಒಂದು ಕಾಂಪೌಂಡಿನೊಳಗಿನ ನಮ್ಮ ಬಾಡಿಗೆ ಮನೆ. ನಾನು ಕಾರ್ಕಳದ ಕಡೆಯಿಂದ ಇಲ್ಲಿಗೆ ಬಂದು ತಲೆ ಹಣ್ಣಾಯಿತು, ಸಲ್ಮಾಬಾದಿನಲ್ಲಿ ಎ.ಸಿ. ಡಕ್ಟ್ ಮಾಡುವ ಒಂದು ವರ್ಕ್‌ಶಾಪಿಗೆ ಮ್ಯಾನೇಜರ್. ಶರ್ಮಿಳಾ ಈಸಾ ಟೌನಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಳಿಯ ಪ್ರೀತಮ್‌ಗೆ ಮನಾಮದ ಒಂದು ಬ್ಯಾಂಕಿನಲ್ಲಿ ಕೆಲಸ. ತವರಿಗೆ ಬರಲು ಅವಳಿಗೆ ವಿಮಾನ ಬೇಡ, ಪ್ರೀತಮ್‌ನ ಕಾರು ಸಾಕಾಗಿತ್ತು.

ಬಾಣಂತಿ ಮೀಯಿಸುವುದೆಂದರೆ ಸಣ್ಣ ಕೆಲಸವಲ್ಲ. ಮೈತುಂಬ ಎಣ್ಣೆ ತಿಕ್ಕಬೇಕು, ಅರಸಿನ ಹಚ್ಚಬೇಕು. ನೆಕ್ಕಿ, ಅಂದರೆ ಲಕ್ಕಿ ಸೊಪ್ಪು ಹಾಕಿ ತಾಮ್ರದ ಹಂಡೆಯಲ್ಲಿ ಕುದಿಸಿದ ನೀರನ್ನು, ಇನ್ನೇನು ಚರ್ಮ ಸುಟ್ಟೀತು ಎನ್ನುವಷ್ಟು ಬಿಸಿಯಲ್ಲಿ, ಸೊಂಟಕ್ಕೂ ಬೆನ್ನಿಗೂ ಚೊಂಬು ಚೊಂಬಾಗಿ ಬೀಸಿ ಹೊಯ್ಯಬೇಕು. ಆಮೇಲೆ ಹೊಟ್ಟೆಗೆ ಹಳೆ ಸೀರೆ ಬಿಗಿದು, ತಲೆಗೆ ಬಟ್ಟೆ ಸುತ್ತಿ, ಕಂಬಳಿ ಹೊದೆಸಿ ಬೆವರಲು ಬಿಡಬೇಕು. ಹೆತ್ತು ಬಿಚ್ಚಿಹೋದ ಮೈ ಮತ್ತೆ ಕೂಡಿಕೊಳ್ಳುವುದು ಹಾಗೆ ಎಂದು ನೀರಜಾ ನಂಬಿದ್ದಳು. ಅವಳ ಅಮ್ಮ ಅವಳನ್ನು ಮೀಯಿಸಿದ ಹಂಡೆಯೇ ಊರಿನಿಂದ ಕಾರ್ಗೋದಲ್ಲಿ ಬಂತು. ಹಂಡೆಯ ಹೊಟ್ಟೆಯೊಳಗೆ ಒಣಗಿಸಿದ ನೆಕ್ಕಿ ಸೊಪ್ಪು, ಬಾಣಂತಿ ಲಾಡುವಿಗೆ ಅಳ್ವಿ ಬೀಜದ ಪೊಟ್ಟಣ, ಹಳೆ ಸೀರೆಗಳು. ಒಲೆಯೊಂದು ಬಿಟ್ಟು ಎಲ್ಲವೂ ಬಂತು.

ಒಲೆಗೆ ಅಡ್ಡ ಇದ್ದವನು ಹಾಜಿ ಮಿರ್ಜಾ, ನಮ್ಮ ಮನೆಯ ಧಣಿ. ಕಾಂಪೌಂಡಿನ ಎದುರು ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಪ್ರಾಯದಲ್ಲಿ ಸುಣ್ಣ ಸುಡುವ ಗೂಡಿನಲ್ಲಿ ಖರ್ಜೂರದ ಮರ ಉರಿಸಿ ಉರಿಸಿ ಅವನ ಶ್ವಾಸಕೋಶ ಹಾಳಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಜೇಬಿನಿಂದ ಪಂಪು ತೆಗೆದು ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಹಾಗಾಗಿ ಅವನ ಕಾಂಪೌಂಡಿನಲ್ಲಿ ಹೊಗೆ ಹರಾಮ್. ನಮ್ಮ ಪಕ್ಕದ ಮನೆಯ ರಾಫೆಲ್ ಒಮ್ಮೆ ಅಂಗಳದಲ್ಲಿ ಕೆಂಡ ಮಾಡಿ ಬಂಗುಡೆ ಮೀನು ಸುಡಲು ಹೋದಾಗ, ಹಾಜಿ ಊರುಗೋಲು ಎತ್ತಿಕೊಂಡು ಬಂದು ಬಂಗುಡೆಯನ್ನೂ ರಾಫೆಲನನ್ನೂ ಒಟ್ಟಿಗೆ ಒಳಗೆ ಓಡಿಸಿದ್ದ. ಸಾಲದ್ದಕ್ಕೆ ಅದು ತೊಂಬತ್ತಾರನೇ ಇಸವಿ. ಸರಕಾರದ ವಿರುದ್ಧ ಗಲಭೆ ಎದ್ದು, ಸುತ್ತಲಿನ ಹಳ್ಳಿಗಳಲ್ಲಿ ರಸ್ತೆಗೆ ಅಡ್ಡ ಟಯರು ಸುಡುತ್ತಿದ್ದ ಕಾಲ. ಎಲ್ಲಾದರೂ ಹೊಗೆ ಎದ್ದರೆ ಹಿಂದೆಯೇ ಪೊಲೀಸ್ ಜೀಪು ಬರುತ್ತಿತ್ತು.

ಆದರೂ ಹಾಜಿಯ ಹತ್ತಿರ ಹೋದೆ. ಹೋಗದಿದ್ದರೆ ಮನೆಯಲ್ಲಿ ಊಟ ರುಚಿಸುತ್ತಿರಲಿಲ್ಲ. ಬೊಂಬಾಯಿ ಹಿಂದಿಗೆ ಅರಬಿ ಕಲಸಿ ಮಾತಾಡುವ ಮನುಷ್ಯ ಅವನು, ಜಯಪಾಲ ಎಂಬ ನನ್ನ ಹೆಸರು ಅವನ ಬಾಯಲ್ಲಿ ಜಯಬಾಲ್. ಎಲ್ಲ ಕೇಳಿ, ಗಡ್ಡ ನೀವಿಕೊಂಡು ಒಂದೇ ಮಾತು ಹೇಳಿದ.

"ದುಖಾನ್ ಮಾಫಿ, ತೋ ಓಕೆ."

ಹೊಗೆ ಇಲ್ಲದಿದ್ದರೆ ಆಗಬಹುದು. ಹೊಗೆ ಇಲ್ಲದ ಕಟ್ಟಿಗೆ ಒಲೆ! ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೇರವಾಗಿ ಇಲ್ಲ ಎಂದಿದ್ದರೆ ನೀರಜಾಳಿಗೆ ಹಾಗೆಯೇ ಹೇಳಿ ಪಾರಾಗುತ್ತಿದ್ದೆ.

ಮೊದಲು ಯೋಚಿಸಿದ್ದು ಇದ್ದಿಲು. ಅದಕ್ಕೆ ಹೊಗೆ ಕಡಿಮೆ. ರಾಫೆಲನ ಹೆಂಡತಿ ಫ್ಲಾವಿಯಾ ಆಸ್ಪತ್ರೆಯಲ್ಲಿ ನರ್ಸ್. ವಿಷಯ ಕಿವಿಗೆ ಬಿದ್ದದ್ದೇ ತಡ ಯೂನಿಫಾರ್ಮಿನಲ್ಲೇ ಬಂದಳು.

"ಜಯಣ್ಣ, ನಿಮಗೆ ತಲೆ ಉಂಟಾ? ಬಾತ್‌ರೂಮಿನ ಬಾಗಿಲು ಹಾಕಿ ಕೆಂಡ ಇಟ್ರೆ ಅದ್ರ ಗ್ಯಾಸ್ ಕಣ್ಣಿಗೆ ಕಾಣ್ಲಿಕ್ಕಿಲ್ಲ. ತಾಯಿ ಮಗು ಎರಡೂ ಮಲಗಿದಲ್ಲೇ ಬಾಕಿ. ಬೆಂಕಿ ಎಂತದೇ ಇರ್ಲಿ, ಹೊರಗೆ ಇಡಿ, ಪೈಪ್ ಇಟ್ಟು ಇಡಿ."

ಆಮೇಲೆ ಸಾರ್ ಎಂಬಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಮನೆ ಸಾಮಾನು ಮಾರುವಾಗ ಅದರಲ್ಲಿ ಗಾಜಿನ ಬಾಗಿಲಿನ, ಎರಕದ ಕಬ್ಬಿಣದ ಕಟ್ಟಿಗೆ ಒಲೆಯೂ ಇತ್ತು. ಅವನ ಊರಿನ ಪೇಟೆಯಲ್ಲಿ ಹೊಗೆ ಬಿಡಬಾರದೆಂಬ ಕಾನೂನೇ ಇದೆಯಂತೆ, ಅಂಥ ಕಡೆಗೆಂದೇ ಮಾಡಿದ ಒಲೆಯಂತೆ. ಮರಳುಗಾಡಿಗೆ ಅದನ್ನು ಯಾಕೆ ಹೊತ್ತು ತಂದನೋ ಕೇಳಲಿಲ್ಲ. ನೀರಜಾಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಸುತ್ತು ಬಂದು, ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಕೇಳಿದಳು:

"ಇದು ಒಲೆಯಾ ಟಿ.ವಿ.ಯಾ? ಹಂಡೆ ಎಲ್ಲಿ ಇಡುದು, ಅದ್ರ ತಲೆ ಮೇಲೆಯಾ?"

ಹಂಡೆಯ ತಳ ಅದರ ಮೇಲೆ ಕೂರುತ್ತಿರಲಿಲ್ಲ, ನಿಜ. ಆದರೆ ನಾನು ಟಾರ್ಚು ಹಾಕಿ ಅದರೊಳಗೆ ನೋಡಿದೆ. ಹಿಂಬದಿಯ ಗೋಡೆಯಲ್ಲಿ, ಬೆಂಕಿಗಿಂತ ಮೇಲೆ, ಸಾಲಾಗಿ ತೂತುಗಳು. ಇದೇಕೆ ಎಂದು ಕೇಳಿದಾಗ ಎಂಜಿನಿಯರ್ ಸಂತೋಷದಿಂದ ವಿವರಿಸಿದ. ಹೊಗೆ ಎಂದರೆ ಅರ್ಧ ಉರಿದು ಉಳಿದ ಕಟ್ಟಿಗೆ. ಅದಕ್ಕೆ ಮೇಲಿನಿಂದ ಇನ್ನೊಮ್ಮೆ ಬಿಸಿ ಗಾಳಿ ಕೊಟ್ಟರೆ ಅದೂ ಉರಿದು ಹೋಗುತ್ತದೆ. ಕಟ್ಟಿಗೆ ಪೂರಾ ಒಣಗಿರಬೇಕು, ಬೆಂಕಿ ಸಣ್ಣದಾಗಿ ಜೋರಾಗಿರಬೇಕು, ಉಸಿರು ಕಟ್ಟಿಸಬಾರದು. ಇಷ್ಟೇ.

ಗಾಳಿಯನ್ನು ಬೇಕಾದ ಕಡೆಗೆ ತಿರುಗಿಸುವುದೇ ನನ್ನ ಹೊಟ್ಟೆಪಾಡು. ಈಗ ನನಗೇ ಹುಚ್ಚು ಹಿಡಿಯಿತು. ಊರಿನಲ್ಲಿ ನೀರಜಾಳ ಅಮ್ಮ ಬಳಸುತ್ತಿದ್ದ ಮರದ ಹುಡಿಯ ಒಲೆಯನ್ನೂ ಮಾಡಿ ನೋಡಿದೆ. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹುಡಿ ತುಂಬಿ ಗುದ್ದಿ, ಬಾಟಲಿ ಎಳೆದರೆ ಕೊಳವೆ ಆಗುವ ಒಲೆ. ಸಲ್ಮಾಬಾದಿನಲ್ಲಿ ಹುಡಿಗೇನು ಬರ, ಪಕ್ಕದಲ್ಲೇ ಬಡಗಿಗಳ ಶೆಡ್ಡು. ಆದರೆ ಅಲ್ಲಿಯದು ಪ್ಲೈವುಡ್ಡಿನ ಹುಡಿ. ಹತ್ತಿಸಿದಾಗ ಅಂಟಿನ ವಾಸನೆಗೆ ಇಡೀ ಸಾಲಿನ ವರ್ಕ್‌ಶಾಪಿನವರು ಹೊರಗೆ ಬಂದು ನನ್ನನ್ನು ನೋಡಿದರು.

ಕೊನೆಗೆ ನಾನೇ ಒಂದು ಒಲೆಯ ಚಿತ್ರ ಬರೆದೆ. ಡ್ರಮ್ಮಿನೊಳಗೊಂದು ಡ್ರಮ್ಮು, ನಡುವೆ ಬೆರಳು ಹೋಗುವಷ್ಟು ಜಾಗ. ಗಾಳಿ ಕೆಳಗಿನಿಂದ ಆ ಜಾಗಕ್ಕೆ ಹೊಕ್ಕು, ಕಾದು, ಒಳ ಡ್ರಮ್ಮಿನ ಮೇಲ್ಗಡೆಯ ತೂತುಗಳಿಂದ ಹೊಗೆಯ ಮೇಲೆ ಬೀಳಬೇಕು. ಮೇಲೆ ಹಂಡೆ ಕೂರಲು ಬಳೆ. ಪಕ್ಕದಿಂದ ಮನೆಯ ಮಾಡನ್ನು ದಾಟಿ ಹೋಗುವ ಕೊಳವೆ. ಚಿತ್ರ ಚಂದ ಇತ್ತು. ಆದರೆ ಡಕ್ಟ್‌ನವನ ಕೈಗೆ ಮೊದಲು ಸಿಗುವುದು ಸತು ಬಳಿದ ತಗಡು. ಯೋಚನೆಯೇ ಮಾಡದೆ ಅದರಲ್ಲೇ ಒಲೆ ಕಟ್ಟಿ, ಹಿಂದಿನ ಅಂಗಳದಲ್ಲಿ ಬೆಂಕಿ ಹಾಕಿದೆ. ಕಟ್ಟಿಗೆಯ ಹೊಗೆ ಒಂದು ಎಳೆಯೂ ಇರಲಿಲ್ಲ. ಸತು ಮಾತ್ರ ಬಿಳಿ ಮೋಡವಾಗಿ ಎದ್ದಿತು. ಬೆಳಿಗ್ಗೆಯಿಂದ ಸಂಜೆವರೆಗೆ ತಗಡಿನ ನಡುವೆಯೇ ಇರುವವನು, ಅದನ್ನು ಬೆಂಕಿಗೆ ಒಡ್ಡಬಾರದೆಂದು ವೆಲ್ಡರುಗಳಿಗೆ ಬುದ್ಧಿ ಹೇಳುವವನು, ನಾನೇ ಹೋಗಿ ಅದರ ಮುಂದೆ ಮೂಗು ಒಡ್ಡಿ ನಿಂತಿದ್ದೆ. ಚಳಿಜ್ವರ ಬಂದು ಮಲಗಿದೆ.

"ಹೆರುವುದು ಅವಳು, ಬಾಣಂತಿ ನೀವು," ಎಂದು ನೀರಜಾ ಕಷಾಯ ಕೊಟ್ಟಳು. ಆದರೆ ಅವಳ ಕಣ್ಣಿನಲ್ಲಿ ಖುಷಿ ಇತ್ತು. ಶರ್ಮಿಳಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೇಡಾ ಅಮ್ಮ, ನಗಾಡಿಸ್ಬೇಡಿ, ಒಳಗೆ ಒದೀತದೆ ಎಂದಳು. ಆ ನಗೆ ನನಗೆ ಇನ್ನೂ ಕೇಳುತ್ತದೆ.

ಎರಡನೇ ಒಲೆಯನ್ನು ದಪ್ಪನೆಯ ಕಪ್ಪು ತಗಡಿನಲ್ಲಿ ಮಾಡಿಸಿದೆ. ಪಿಕಪ್ಪಿನಲ್ಲಿ ತಂದು ನಮ್ಮ ಬಚ್ಚಲಿನ ಹೊರಗೋಡೆಗೆ ತಾಗಿಸಿ ನಿಲ್ಲಿಸಿದೆವು. ಹಾಜಿ ಕುರ್ಚಿ ಹಾಕಿಸಿಕೊಂಡು, ಪಂಪು ಕೈಯಲ್ಲಿ ಹಿಡಿದು ಪರೀಕ್ಷೆಗೆ ಕೂತ. ತನ್ನ ಮನೆಯ ಮಾಡಿನ ಮೇಲೆ ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಸಿದ್ರ್ ಎಂಬ ಬೋರೆ ಜಾತಿಯ ಮರದ ಕೊಂಬೆಗಳನ್ನು ಅವನೇ ಕೊಟ್ಟಿದ್ದ. ಬೆಂಕಿ ಹಿಡಿಯುವಾಗ ಚೂರು ಹೊಗೆ ಬಂತು. ಅವನ ಮುಖ ಗಂಟಾಯಿತು. ಆಮೇಲೆ ತೂತುಗಳಿಂದ ಬೆಂಕಿಯ ನಾಲಗೆಗಳು ಒಳಗೆ ಚಾಚಿಕೊಂಡವು, ಒಲೆ ಗುಂಯ್ ಎನ್ನತೊಡಗಿತು, ಹೊಗೆ ನಿಂತೇಹೋಯಿತು. ಹಾಜಿ ತಲೆಯ ಬಿಳಿ ವಸ್ತ್ರ ಬಿಚ್ಚಿ ರಾಫೆಲನ ಕೈಗೆ ಕೊಟ್ಟು, ಏಣಿ ಹತ್ತಿ ಕೊಳವೆಯ ಬಾಯಿಗೆ ಹಿಡಿಯೆಂದ. ಬಂಗುಡೆಯ ಪ್ರಸಂಗ ಮರೆಯದಿದ್ದ ರಾಫೆಲ್ ಹೆದರಿ ಹೆದರಿ ಹತ್ತಿದ. ವಸ್ತ್ರ ಬೆಚ್ಚಗಾಗಿ ಇಳಿದು ಬಂತು, ಬಿಳಿಯಾಗಿಯೇ ಇತ್ತು.

ಹಾಜಿ ಅದನ್ನು ಮೂಸಿ ನೋಡಿ ಮತ್ತೆ ತಲೆಗೆ ಸುತ್ತಿಕೊಂಡ. ಕೊಳವೆಯ ಮೇಲೆ ಬಿಸಿಗೆ ಗಾಳಿ ನಡುಗುತ್ತಿತ್ತು, ಅದರಾಚೆಗೆ ಪಕ್ಕದ ಮನೆಯ ಟಿ.ವಿ. ಆಂಟೆನಾ ನೀರಿನಲ್ಲಿ ಮುಳುಗಿದ ಹಾಗೆ ಅಲುಗುತ್ತಿತ್ತು. ಅದನ್ನು ಕೋಲಿನಿಂದ ತೋರಿಸಿ ಹೇಳಿದ: ಮಗು ಹುಟ್ಟಿದರೆ ನನಗೆ ಯಾರೂ ಬಂದು ಹೇಳಬೇಕಿಲ್ಲ ಜಯಬಾಲ್, ನನ್ನ ಕಿಟಕಿಯಿಂದ ಇದು ಕಾಣುತ್ತದೆ. ಅದರ ಮುಂದಿನ ವಾರ ಅವನೂ ಅವನ ಹೆಂಡತಿಯೂ ಜಿಯಾರತ್ ಎಂಬ ದರ್ಗಾ ಯಾತ್ರೆಗೆ ಡಮಾಸ್ಕಸ್‌ಗೆ ಹೋದರು.

ಅವರು ಹೋದ ಮೇಲೆ ಅದು ಆಯಿತು.

ಶರ್ಮಿಳಾ ಬೆಳಿಗ್ಗೆ, ಇವತ್ತು ಮಗು ತುಂಬ ಮಲಗಿದೆ ಅಮ್ಮ ಎಂದಳು. ಮಧ್ಯಾಹ್ನವೂ ಹಾಗೆಯೇ ಅಂದಳು. ನೀರಜಾ ಸಕ್ಕರೆ ನೀರು ಕುಡಿಸಿದಳು, ಎಡಮಗ್ಗುಲಿಗೆ ಮಲಗಿಸಿದಳು. ಫ್ಲಾವಿಯಾ ಡ್ಯೂಟಿ ಮುಗಿಸಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ರಾಫೆಲನಿಗೆ ಕಾರು ತೆಗೆಯಲು ಹೇಳಿದಳು. ಆಸ್ಪತ್ರೆಯಲ್ಲಿ ಯಂತ್ರ ಇಟ್ಟು ನೋಡಿದರು. ಮಗುವಿನ ಎದೆಬಡಿತ ಇರಲಿಲ್ಲ. ಯಾರದ್ದೂ ತಪ್ಪಲ್ಲ, ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದೆ, ಹೀಗೂ ಆಗುತ್ತದೆ ಎಂದರು. ಆದರೂ ಹೆರಲೇಬೇಕಿತ್ತು. ನೋವು ಬರಿಸಿ, ಇಡೀ ನೋವು ತಿಂದು, ನನ್ನ ಮಗಳು ಸತ್ತ ಮಗುವನ್ನು ಹೆತ್ತಳು. ನೀರಜಾ ಅವಳ ಹತ್ತಿರ ಒಳಗಿದ್ದಳು. ನಾನು ಹೊರಗೆ ಪಡಸಾಲೆಯಲ್ಲಿ ಕೂತಿದ್ದೆ.

ಪ್ರೀತಮ್ ಒಂದು ಬಿಳಿ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದ. ಮಣ್ಣು ಮಾಡಲು ರಾಫೆಲ್ ಅವನೊಟ್ಟಿಗೆ ಹೊರಟ. "ಮಾವ..." ಎಂದು ಪ್ರೀತಮ್ ನನ್ನ ಮುಂದೆ ಒಂದು ಕ್ಷಣ ನಿಂತ. ನನಗೆ ಧೈರ್ಯ ಬರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದೆ. ಮಗುವಿನ ಮುಖ ನೋಡಲಿಲ್ಲ, ಒಂದು ಮಾತು ಕೇಳಲಿಲ್ಲ.

ಊರಿನಿಂದ ಪ್ರೀತಮ್‌ನ ಅಮ್ಮ ಉಷಾಲತಾ ಫೋನ್ ಮಾಡಿದರು. ಪಾಪ, ಅವರೂ ಅತ್ತರು. "ಜಯಪಾಲಣ್ಣ, ಬಾಣಂತನ ಗೀಣಂತನ ಅಂತ ಮಾಡ್ಲಿಕ್ಕೆ ಹೋಗ್ಬೇಡಿ. ಅವಳಿಗೆ ನೆನಪಾಗುವ ಹಾಗಿನದ್ದು ಎಂತದೂ ಎದುರಿಗೆ ಇಡ್ಬೇಡಿ. ಬೇಗ ಮರೀಲಿ. ಇನ್ನೊಂದು ಆಗ್ತದೆ," ಎಂದರು. ನನಗೂ ಅದೇ ಸರಿ ಕಂಡಿತು. ಅವಳು ಆಸ್ಪತ್ರೆಯಿಂದ ಬರುವ ಮೊದಲೇ ರಾಫೆಲನೂ ನಾನೂ ಸೇರಿ ಕೊಳವೆ ಬಿಚ್ಚಿ, ಒಲೆಯನ್ನು ಪಿಕಪ್ಪಿಗೆ ಹಾಕಿ ಸಲ್ಮಾಬಾದಿಗೆ ಸಾಗಿಸಿದೆವು. ನೀರಜಾ ಹಂಡೆಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಳು. ಅಳ್ವಿ ಬೀಜದ ಪೊಟ್ಟಣ ಕಪಾಟಿನೊಳಗೆ, ಬೇಳೆ ಡಬ್ಬಿಗಳ ಹಿಂದೆ ಸೇರಿತು.

ಶರ್ಮಿಳಾ ಬಂದಳು. ಎರಡು ಕೈಯೂ ಖಾಲಿ, ಅವುಗಳನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗೀಸರಿನ ನೀರಿನಲ್ಲಿ ತಾನೇ ಮಿಂದಳು. ಎಲ್ಲರಂತೆ ಅನ್ನ ಸಾರು ಉಂಡಳು. ಶಾಲೆಯ ಟೀಚರುಗಳು ಬಂದರು, ಪರೀಕ್ಷೆ ಪೇಪರುಗಳ ವಿಷಯ, ಹೊಸ ಪ್ರಿನ್ಸಿಪಾಲರ ವಿಷಯ ಮಾತಾಡಿ, ಬಿಸ್ಕತ್ತು ತಿಂದು ಹೋದರು. ಯಾರೂ ಆ ಮಾತು ಎತ್ತಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎತ್ತಲಿಲ್ಲ. ಅವಳಿಗೆ ಜ್ವರ ಬಂದು ಹೋಗಿದೆ ಎಂಬಂತೆ ನಾವೆಲ್ಲ ನಡೆದುಕೊಂಡೆವು.

ಮೈಗೆ ಮಾತ್ರ ಮಗು ಇಲ್ಲವೆಂದು ಗೊತ್ತಿರಲಿಲ್ಲ. ಎದೆಯಲ್ಲಿ ಹಾಲು ತುಂಬಿ ಕಲ್ಲಾಯಿತು. ನೀರಜಾ ನನ್ನನ್ನು ಮನಾಮಕ್ಕೆ ಅಟ್ಟಿದಳು, ಮಲ್ಲಿಗೆ ತರಲು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ನಾನು ಅಂಗಡಿಯಲ್ಲಿದ್ದ ಮಲ್ಲಿಗೆಯನ್ನೆಲ್ಲ ಕೊಡು ಎಂದಾಗ ಹೂವಿನವನು ನಗುತ್ತ ಕೇಳಿದ, "ಎಂತ ಅಣ್ಣ, ಮನೆಯಲ್ಲಿ ಮದುವೆಯಾ?" ಹೌದೆಂದು ತಲೆಯಾಡಿಸಿ ಬಂದೆ. ಕಾರಿನೊಳಗೆ ಆ ಪರಿಮಳದೊಂದಿಗೆ ಸನದ್‌ವರೆಗೆ ಬಂದದ್ದು ನನಗೆ ಗೊತ್ತು, ದೇವರಿಗೆ ಗೊತ್ತು.

ಒಂದು ಶುಕ್ರವಾರ ಬೆಳಿಗ್ಗೆ ಶರ್ಮಿಳಾ ಬಚ್ಚಲಿನ ಹೊರಗೆ ನಿಂತಿದ್ದಳು. ನೆಲದ ಸಿಮೆಂಟಿನ ಮೇಲೆ ಒಲೆಯ ಕಾಲುಗಳ ಗುರುತು ಉಳಿದಿತ್ತು.

"ಅಪ್ಪ, ಒಲೆ ಎಲ್ಲಿ?"

"ಅದಾ... ವರ್ಕ್‌ಶಾಪಿನಲ್ಲಿ ಸ್ವಲ್ಪ ರಿಪೇರಿ ಇತ್ತು ಮಗಾ."

"ತನ್ನಿ."

"ಈಗ ಅದು ಎಂತಕೆ? ಗೀಸರ್ ಉಂಟಲ್ಲ."

"ನನಗೆ ಮೀಯ್ಲಿಕ್ಕೆ."

ಒಳಗಿನಿಂದ ನೀರಜಾ ಬಂದಳು. ಕೈಯಲ್ಲಿ ಹಿಟ್ಟಿನ ಸೌಟು ಇತ್ತು. "ಅದೆಲ್ಲ ಬೇಡ ಮಗಾ," ಎಂದಳು. "ಮೀಯಿಸಿ, ಮಲಗಿಸಿ... ಪಕ್ಕದಲ್ಲಿ ಎಂತ ಉಂಟು? ನನ್ನಿಂದ ಆಗ್ಲಿಕ್ಕಿಲ್ಲ. ನನ್ನ ಕೈ ಏಳುದಿಲ್ಲ."

ಶರ್ಮಿಳಾ ಅವತ್ತಿನವರೆಗೆ ನಮ್ಮೆದುರು ಅತ್ತಿರಲಿಲ್ಲ. ಅವತ್ತೂ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಅವಳ ಅಮ್ಮನದ್ದೇ ಸಿಟ್ಟು.

"ನಾನು ಹೆತ್ತದ್ದು ಅಲ್ವಾ ಅಮ್ಮ? ನೀವು ಅಲ್ಲೇ ಇದ್ರಿ, ನನ್ನ ಕೈ ಹಿಡ್ಕೊಂಡಿದ್ರಿ. ಬೇರೆಯವ್ರು ಹೆತ್ತ ಹಾಗೇ ಹೆತ್ತದ್ದು ನಾನು. ಹಾಲೂ ಬಂತು. ಮಗು ಇಲ್ಲ ಅಂತ ನಾನು ಬಾಣಂತಿ ಅಲ್ವಾ? ಹಾಗಾದ್ರೆ ನಾನು ಎಂತ ಈಗ? ಯಾರಾದ್ರೂ ಹೇಳಿ ನನಗೆ."

ನೀರಜಾ ಸೌಟು ಹಿಡಿದುಕೊಂಡೇ ನಿಂತಳು, ಹಿಟ್ಟು ತೊಟ್ಟಿಕ್ಕಿ ಅಂಗಳಕ್ಕೆ ಬಿತ್ತು. ನಾನು ಪಿಕಪ್ಪಿನ ಕೀಲಿ ತೆಗೆದುಕೊಂಡು ಹೊರಟೆ.

ಸಲ್ಮಾಬಾದಿನಲ್ಲಿ ರಜೆಯ ದಿನ. ನಮ್ಮ ಕೆಲಸಗಾರರ ಕ್ಯಾಂಪಿನ ಹುಡುಗರು ನನ್ನ ಒಲೆಯ ಮೇಲೆ ಬಿರಿಯಾನಿ ಇಟ್ಟಿದ್ದರು. ನನ್ನನ್ನು ಕಂಡು ಗಾಬರಿಯಾದರು, ಆಮೇಲೆ ವಿಷಯ ತಿಳಿದವನೊಬ್ಬ ಪಾತ್ರೆ ಇಳಿಸಿದ. ಬಿಸಿ ಒಲೆಯನ್ನು ಗೋಣಿ ಸುತ್ತಿ ಎತ್ತಿ ಪಿಕಪ್ಪಿಗೆ ಹಾಕಿಕೊಟ್ಟರು.

ನಾನು ಮನೆ ಮುಟ್ಟಿದಾಗ ಹಂಡೆ ಕಪಾಟಿನಿಂದ ಇಳಿದಿತ್ತು. ನೀರಜಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹುಣಸೆಹುಳಿ ಹಾಕಿ ಅದನ್ನು ತಿಕ್ಕುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ತಾಮ್ರ ಕೆಂಪಗೆ ಹೊಳೆದರೂ ಬಿಡದೆ ತಿಕ್ಕುತ್ತಲೇ ಇದ್ದಳು.

ಮಾರನೆಯ ಬೆಳಿಗ್ಗೆ ಒಲೆ ಹತ್ತಿಸಿದೆ. ಸಿದ್ರ್ ಕೊಂಬೆಗಳು ಇನ್ನಷ್ಟು ಒಣಗಿದ್ದವು. ಬೆಂಕಿ ಹಿಡಿದು ಒಲೆ ಗುಂಯ್ ಎಂದಿತು. ನೆಕ್ಕಿ ಸೊಪ್ಪಿನ ಕಂಪು ಅಂಗಳ ತುಂಬಿತು. ಬಚ್ಚಲಿನ ಕಿಟಕಿಯಿಂದ ನೀರಜಾ ಕೊಟ್ಟ ಬಕೆಟನ್ನು ನಾನು ತುಂಬಿಸಿ ತುಂಬಿಸಿ ದಾಟಿಸುತ್ತಿದ್ದೆ. ಒಳಗೆ ನೀರು ಹೊಯ್ಯುವ ಸದ್ದು. ಮೊದಲು ಮೆಲ್ಲಗೆ, ಆಮೇಲೆ ಬೀಸಿ ಬೀಸಿ. "ಬಿಸಿ ಆಯ್ತಾ?" ಎಂದು ನೀರಜಾಳ ಸ್ವರ. "ಇಲ್ಲ, ಹೊಯ್ಯಿ ಅಮ್ಮ," ಎಂದು ಶರ್ಮಿಳಾ. ಹಾಗೆ ಹೊಯ್ಯುತ್ತ ಹೊಯ್ಯುತ್ತ ಶರ್ಮಿಳಾ ಅಳಲು ಶುರು ಮಾಡಿದಳು, ಚಿಕ್ಕಂದಿನಲ್ಲಿ ಬಿದ್ದು ಬಂದು ಅಳುತ್ತಿದ್ದ ಹಾಗೆ, ಬಾಯಿಬಿಟ್ಟು. ನೀರಜಾ ನೀರು ನಿಲ್ಲಿಸಲಿಲ್ಲ. ಅವಳದ್ದೂ ಅಳು ಕೇಳಿತು, ಚೊಂಬಿನ ಸದ್ದೂ ಕೇಳಿತು.

ನಾನು ಒಲೆಯ ಮುಂದೆ ಕೂತಿದ್ದೆ. ಫ್ಲಾವಿಯಾ ಡ್ಯೂಟಿಗೆ ಹೊರಟವಳು ನನ್ನ ಮುಖ ನೋಡಿ ಅಲ್ಲೇ ನಿಂತಳು. ಕಣ್ಣಿಗೆ ಹೊಗೆ ಹೋಯಿತು ಎನ್ನಲು ಹೊಗೆಯೇ ಇರಲಿಲ್ಲ.

ಅವಳನ್ನು ಮೀಯಿಸಿ, ಹೊಟ್ಟೆಗೆ ಸೀರೆ ಬಿಗಿದು, ತಲೆಗೆ ಬಟ್ಟೆ ಸುತ್ತಿ, ಕಂಬಳಿ ಹೊದೆಸಿ ಮುಂದಿನ ಕೋಣೆಯಲ್ಲೇ ಮಲಗಿಸಿದಳು ನೀರಜಾ. ಹಾಗೆ ಕೆಲವು ದಿನ ನಡೆಯಿತು. ದಿನಾ ಬೆಳಿಗ್ಗೆ ನಾನು ಒಲೆ ಹತ್ತಿಸಿಯೇ ಕೆಲಸಕ್ಕೆ ಹೋಗುತ್ತಿದ್ದೆ. ಶರ್ಮಿಳಾ ಸ್ವಲ್ಪ ನಿದ್ದೆ ಮಾಡತೊಡಗಿದಳು. ಮಾತು ಮಾತ್ರ ಇನ್ನೂ ಅಷ್ಟಕ್ಕಷ್ಟೇ.

ಮುಂದಿನ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಹಾಜಿ ಮಿರ್ಜಾ. ಏದುಸಿರು ಬಿಡುತ್ತಿದ್ದರೂ ಮುಖತುಂಬ ನಗು. ಹಿಂದೆ ಕಪ್ಪು ಅಬಾಯದಲ್ಲಿ ಅವನ ಹೆಂಡತಿ, ಎರಡು ಕೈಯಲ್ಲಿ ಟವಲು ಸುತ್ತಿದ ಸ್ಟೀಲಿನ ಪಾತ್ರೆ.

"ಮಬ್ರೂಕ್, ಜಯಬಾಲ್! ಅಲ್ಫ್ ಮಬ್ರೂಕ್!" ಎಂದು ಸಾವಿರ ಶುಭಾಶಯ ಹೇಳಿದ.

ರಾತ್ರಿಯ ವಿಮಾನದಲ್ಲಿ ಬಂದಿಳಿದಿದ್ದರು. ಬೆಳಿಗ್ಗೆ ಕಿಟಕಿ ತೆರೆದಾಗ ನಮ್ಮ ಕೊಳವೆಯ ಮೇಲೆ ಗಾಳಿ ನಡುಗುವುದು ಕಂಡಿದೆ. ನೋಡಿದೆಯಾ, ನಾನು ಹೇಳಿರಲಿಲ್ಲವಾ, ಯಾರೂ ಹೇಳಬೇಕಿಲ್ಲ ಎಂದು, ಎನ್ನುತ್ತ ನನ್ನ ಭುಜ ತಟ್ಟಿದ. ಅವನ ಹೆಂಡತಿ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು, ಹೆತ್ತ ಹೆಂಗಸಿಗೆ ಅವರಲ್ಲಿ ಕೊಡುವ ಹಸೊ ಎಂಬ ಪಾಯಸದಂಥದ್ದನ್ನು ಮಾಡಿ ತಂದಿದ್ದಳು.

"ಹಾಜಿ, ಬಾತ್ ಐಸಾ ಹೈ..." ಎಂದೆ. ಅಡುಗೆಮನೆಯ ಬಾಗಿಲಲ್ಲಿ ನೀರಜಾ ಕಾಣಿಸಿಕೊಂಡು, ಬೇಡ ಎಂಬಂತೆ ನನಗೆ ಕೈಸನ್ನೆ ಮಾಡಿದಳು. ಹೇಗಾದರೂ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಹೇಳಬೇಕೆಂದು ನಾನು ಚಪ್ಪಲಿಗೆ ಕಾಲು ತೂರಿಸಿದೆ.

ಹಾಜಿ ನನ್ನ ಭುಜದ ಮೇಲಿನಿಂದ ಕೋಣೆಯೊಳಗೆ ನೋಡಿದ. ಕಂಬಳಿ ಹೊದ್ದು, ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಶರ್ಮಿಳಾ ಎದ್ದು ಕೂತಿದ್ದಳು.

"ವಲದ್? ಬಿಂತ್?" ಎಂದು ಅವಳನ್ನೇ ಕೇಳಿದ. ಗಂಡಾ, ಹೆಣ್ಣಾ?



"ಬಿಂತ್," ಎಂದಳು ಶರ್ಮಿಳಾ. ಸ್ವರ ಸ್ಪಷ್ಟವಾಗಿತ್ತು. "ಹೆಣ್ಣು, ಹಾಜಿ. ಕೂದಲು ತುಂಬ ಇತ್ತು. ಅಲ್ಲಾ ಕೇ ಪಾಸ್ ಚಲೀ ಗಯಿ."

ಅದು ಹೆಣ್ಣೆಂದು ನನಗೆ ಗೊತ್ತಾದದ್ದು ಆಗ. ಹೊಸಿಲಲ್ಲಿ ನಿಂತ ಮನೆ ಧಣಿ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ದಿನ ನಾವೆಲ್ಲ ಅವಳ ಸುತ್ತ ಪಿಸುಗುಟ್ಟಿಕೊಂಡು ಓಡಾಡಿದ್ದೆವು, ಒಬ್ಬರೂ ಕೇಳಿರಲಿಲ್ಲ. ನೀರಜಾಳ ಕಡೆ ನೋಡಿದೆ. ಅವಳಿಗೆ ಗೊತ್ತಿತ್ತು. ಕೂದಲಿನ ವಿಷಯವೂ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದಳು.

ಹಾಜಿಯ ಕೈ ಪಂಪಿಗಾಗಿ ಜೇಬು ತಡಕಿತು. ಅವನ ಹೆಂಡತಿ ಮಾತ್ರ ತಂದ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಸಿಗೆಯ ಮೇಲೆ ಶರ್ಮಿಳಾಳ ಪಕ್ಕದಲ್ಲಿ ಕೂತು, ಟವಲು ಬಿಚ್ಚಿದಳು. ಮುಚ್ಚಳ ತೆಗೆದಾಗ ತುಪ್ಪ, ಬೆಲ್ಲ, ಕರಿಮೆಣಸಿನ ಹಬೆ ಎದ್ದಿತು. ನೀರಜಾ ಒಂದು ಹೆಜ್ಜೆ ಮುಂದೆ ಬಂದಳು.

"ಅಳ್ವಿ ಬೀಜ," ಎಂದಳು ನನಗೆ. "ಇವ್ರೂ ಅಳ್ವಿ ಬೀಜ ಹಾಕ್ತಾರೆ."

"ಖಾವೊ, ಬಿಂತೀ, ಖಾವೊ," ತಿನ್ನು ಮಗಳೇ ಎಂದು ಆ ಹೆಂಗಸು ಚಮಚ ಚಾಚಿದಳು. ಶರ್ಮಿಳಾ ಬಾಯಿ ತೆರೆದಳು. ಎರಡನೇ ಚಮಚಕ್ಕೆ ತಾನೇ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡಳು. ನೀರಜಾ ಕಪಾಟು ತೆರೆದು, ಬೇಳೆ ಡಬ್ಬಿಗಳನ್ನು ಸರಿಸಿ, ಹಿಂದಿದ್ದ ಪೊಟ್ಟಣವನ್ನು ಹುಡುಕತೊಡಗಿದಳು.

ನಾನು ಅಂಗಳಕ್ಕೆ ಬಂದೆ. ಹಾಜಿಯೂ ನನ್ನ ಹಿಂದೆಯೇ ಬಂದು, ಒಲೆಯ ಹತ್ತಿರ ಇದ್ದ ಕುರ್ಚಿಯಲ್ಲಿ ಕೂತ. ಒಲೆಯಲ್ಲಿ ಬೆಂಕಿ ಆರಿತ್ತು, ತಗಡು ಇನ್ನೂ ಬಿಸಿ ಇತ್ತು. ಮರುದಿನದ ನೀರಿಗೆ ಕಟ್ಟಿಗೆ ಸೀಳಲು ಕೂತೆ.